ನಿಮ್ಮನ್ನು ಕರೆದವರು ಯಾರು? ಮಲೆನಾಡಿನ ಗಿರಿಜನರ ಊರಿಗೆ ಹೋಗುವ ಮುಂಚೆ

ಡಿಸೆಂಬರ್ ಕೊನೆಯ ವಾರ ಬಂತು ಅಂದರೆ ಚಿಕ್ಕಮಗಳೂರು ಕಡೆಯ ನಮ್ಮಂಥವರಿಗೆ ಫೋನ್ ಜಾಸ್ತಿ. ಬೆಂಗಳೂರಿನ ಗೆಳೆಯರು, ಗೆಳೆಯರ ಗೆಳೆಯರು, ಎಂದೋ ಒಟ್ಟಿಗೆ ಕೆಲಸ ಮಾಡಿದವರು. ಮುಳ್ಳಯ್ಯನಗಿರಿಗೆ ಎಷ್ಟು ಹೊತ್ತಿಗೆ ಹೊರಡಬೇಕು, ಹೊರನಾಡಿಗೆ ಯಾವ ದಾರಿ ಒಳ್ಳೆಯದು, ಊಟ ಎಲ್ಲಿ ಚೆನ್ನಾಗಿರುತ್ತೆ. ಇದಕ್ಕೆಲ್ಲ ಉತ್ತರ ಬಾಯಲ್ಲೇ ಇರುತ್ತದೆ. ಹೋದ ವರ್ಷ ಒಬ್ಬ ಹಳೆಯ ಗೆಳೆಯ ಬೇರೆಯದೇ ಕೇಳಿದ. "ಕಳಸದ ಕಡೆ ಕಾಡೊಳಗೆ ಟ್ರೈಬಲ್ಸ್ ಇದಾರಂತಲ್ಲ, ಮಕ್ಕಳಿಗೆ ತೋರಿಸ್ಬೇಕು ಕಣೋ. ಕರ್ಕೊಂಡು ಹೋಗ್ತೀಯಾ?"

ಅವನು ಒಳ್ಳೆಯ ಮನುಷ್ಯ. ಮಕ್ಕಳು ಮಾಲ್ ಬಿಟ್ಟು ಬೇರೆ ಬದುಕನ್ನೂ ಕಾಣಲಿ ಅನ್ನೋ ಆಸೆ ಅವನದು. ಆದರೂ "ತೋರಿಸ್ಬೇಕು" ಅನ್ನೋ ಮಾತು ನನ್ನೊಳಗೆ ಚುಚ್ಚಿಕೊಂಡೇ ಉಳಿಯಿತು. ಕನ್ನಡದಲ್ಲಿ "ನೋಡೋದು" ಅನ್ನೋದಕ್ಕೆ ಎರಡು ಮುಖ ಇದೆ. "ಅಜ್ಜಿನ ನೋಡ್ಕೊಂಡು ಬಂದೆ" ಅಂತೀವಿ. "ಹುಲಿ ನೋಡೋಕೆ ಹೋಗಿದ್ವಿ" ಅಂತಲೂ ಅಂತೀವಿ. ಅಜ್ಜಿಯನ್ನು ನೋಡೋಕೆ ಹೋದಾಗ ಅಜ್ಜಿಯೂ ನಮ್ಮನ್ನು ನೋಡುತ್ತಾಳೆ. ಯಾಕೋ ಸೊರಗಿದೀಯ ಅಂತಾಳೆ, ಊಟ ಮಾಡು ಅಂತಾಳೆ, ಹೊರಡೋಕೆ ಬಿಡೋದಿಲ್ಲ. ಹುಲಿ ನೋಡೋಕೆ ಹೋದಾಗ ನೋಡುವ ಕೆಲಸ ನಮ್ಮ ಕಡೆಯದು ಮಾತ್ರ. ಗಿರಿಜನರ ಊರಿಗೆ ಹೊರಟ ಪ್ರವಾಸಿ ಇವೆರಡರಲ್ಲಿ ಯಾವ ನೋಟ ಹೊತ್ತು ಹೋಗುತ್ತಾನೆ ಅನ್ನೋದು ಅವನ ಮನಸ್ಸು ಎಷ್ಟು ಒಳ್ಳೆಯದು ಅನ್ನೋದರ ಮೇಲೆ ನಿಂತಿಲ್ಲ. ಅವನನ್ನು ಕರೆದವರು ಯಾರು ಅನ್ನೋದರ ಮೇಲೆ ನಿಂತಿದೆ. ಈ ಲೇಖನದಲ್ಲಿ ನನಗೆ ಹೇಳಬೇಕಿರೋದು ಅದನ್ನೇ.

ಮೊದಲು ಯಾರ ಮಾತಾಡುತ್ತಿದ್ದೇವೆ ಅನ್ನೋದು ಗೊತ್ತಿರಲಿ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ ಮಲೆಕುಡಿಯರು, ಹಸಲರು, ಗೌಡಲು ಜನ ಇದ್ದಾರೆ. ಮಲೆಕುಡಿಯರ ಮನೆಮಾತು ತುಳುವಿಗೆ ಹತ್ತಿರ. ಘಟ್ಟದ ಕೆಳಗೆ ಬೆಳ್ತಂಗಡಿ ಕಡೆಯೂ ಅವರ ನೆಂಟರಿದ್ದಾರೆ. ಊರಿನ ಹಿರಿಯನನ್ನು ಗುರಿಕಾರ ಅಂತ ಕರೆಯುತ್ತಾರೆ. ಏಲಕ್ಕಿ ಕೊಯ್ಲು, ಜೇನು, ಬಿದಿರು-ಬೆತ್ತದ ಬುಟ್ಟಿ ಅವರ ಹಳೆಯ ಕಸುಬು. ಗೌಡಲು ಜನರ ಮಾತು ಕನ್ನಡ. ಇವತ್ತು ಈ ಮೂರೂ ಜನರಲ್ಲಿ ಬಹಳಷ್ಟು ಮಂದಿ ಕಾಫಿ, ಅಡಿಕೆ ತೋಟಗಳಲ್ಲಿ ಕೂಲಿ ಮಾಡುತ್ತಾರೆ. ಕೆಲವರು ತೋಟದವರು ಕೂಲಿಯವರಿಗಾಗಿ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲೇ ಇದ್ದಾರೆ. ಕೊಡಗು, ಮೈಸೂರು ಕಡೆ "ಹಾಡಿ" ಅಂದರೆ ಗಿರಿಜನರ ಊರು. ನಮ್ಮಲ್ಲಿ ಹಾಡ್ಯ ಅಂದರೆ ಕಾಡಿನ ತುಂಡು. ಮೆಣಸಿನಹಾಡ್ಯ ಅನ್ನೋ ಊರಿನ ಹೆಸರಲ್ಲೇ ಅದು ಉಳಿದಿದೆ. ಜನ ವಾಸ ಇರೋ ಜಾಗಕ್ಕೆ ನಮ್ಮ ಕಡೆ ಗಿರಿಜನ ಕಾಲೋನಿ ಅಂತಲೇ ಹೇಳೋದು. ಹೆಂಚಿನ ಅಥವಾ ಶೀಟಿನ ಮನೆ, ಅಂಗಳದಲ್ಲಿ ಪ್ಲಾಸ್ಟಿಕ್ ಕೊಡ, ಸಿಗ್ನಲ್ ಸಿಗೋ ಕಲ್ಲಿನ ಮೇಲೆ ಕೂತು ಮೊಬೈಲ್ ನೋಡೋ ಹುಡುಗ. ಪ್ರವಾಸಿ ಮನಸ್ಸಿನಲ್ಲಿಟ್ಟುಕೊಂಡು ಬರೋ ಚಿತ್ರಕ್ಕೂ ಇದಕ್ಕೂ ತಾಳೆಯೇ ಆಗುವುದಿಲ್ಲ.

ಪಕ್ಕದ ಹಾಸನ ಜಿಲ್ಲೆಗೆ ಹೋದರೆ ಆ ಚಿತ್ರ ಇನ್ನೂ ಒಡೆಯುತ್ತದೆ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನ ಇದ್ದಾರೆ. ಹಿಂದೆ ಹಕ್ಕಿ ಹಿಡಿದು ಅಲೆಯುತ್ತಿದ್ದವರು. ಈಗ ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರುತ್ತಾ ಆಫ್ರಿಕಾದ ದೇಶಗಳವರೆಗೆ ಹೋಗಿ ಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರು. ಅವರನ್ನು ನೋಡೋಕೆ ಹೋಗೋ ಎಷ್ಟೋ ಜನರ ಪಾಸ್‌ಪೋರ್ಟಿಗಿಂತ ಅವರ ಪಾಸ್‌ಪೋರ್ಟಿನಲ್ಲೇ ಮುದ್ರೆ ಜಾಸ್ತಿ ಇರಬಹುದು.

ಇನ್ನು ಕಾಲದ ವಿಷಯ. ಇದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ಪ್ರವಾಸಿಗರು ತುಂಬಿ ಬರೋದು ಡಿಸೆಂಬರ್, ಜನವರಿಯಲ್ಲಿ. ಕಾಫಿ ಕೊಯ್ಲು ಇರೋದೂ ಅದೇ ತಿಂಗಳುಗಳಲ್ಲಿ. ಅರೇಬಿಕಾ ಮುಗಿಯುತ್ತಾ ಬರುತ್ತದೆ, ರೋಬಸ್ಟಾ ಶುರುವಾಗುತ್ತದೆ. ಕೊಯ್ದ ಕೆಜಿ ಲೆಕ್ಕದಲ್ಲಿ ಕೂಲಿ ಸಿಗೋ ಕಾಲ. ವರ್ಷದ ಸಾಲ ತೀರಬೇಕಾದರೆ ಆ ಎರಡು ಮೂರು ತಿಂಗಳಲ್ಲೇ ದುಡಿಯಬೇಕು. ಹಾಗಾಗಿ ಹಗಲು ಹೊತ್ತು ಕಾಲೋನಿಯಲ್ಲಿ ದುಡಿಯೋ ವಯಸ್ಸಿನವರು ಯಾರೂ ಇರುವುದಿಲ್ಲ. ಇರೋದು ಮುದುಕರು ಮತ್ತು ಶಾಲೆಗೆ ಹೋಗದ ಮಕ್ಕಳು. ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದಿಳಿದವರ ಫೋಟೋಗಳಲ್ಲಿ ಸುಕ್ಕು ಮುಖದ ಅಜ್ಜಿ ಮತ್ತು ಮೂಗು ಸೋರೋ ಮಗು ಮಾತ್ರ ಕಾಣೋದಕ್ಕೆ ಕಾರಣ ಇದೇ. ಆಮೇಲೆ ಆ ಫೋಟೋ ನೋಡಿದವರು ಇಡೀ ಸಮುದಾಯವೇ ಹೀಗೆ ಅಂದುಕೊಳ್ಳುತ್ತಾರೆ. ಆ ಮಗುವಿನ ಅಪ್ಪ ಅಮ್ಮ ಎರಡು ಕಿಲೋಮೀಟರ್ ಆಚೆ ಯಾರದೋ ತೋಟದಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕೊಯ್ಯುತ್ತಿರುತ್ತಾರೆ. ತಮ್ಮ ಮಗುವಿನ ಫೋಟೋ ಯಾರದೋ ಫೋನಿಗೆ ಹೋಯ್ತು ಅನ್ನೋದು ಅವರಿಗೆ ಗೊತ್ತೇ ಆಗುವುದಿಲ್ಲ.

"ಎಷ್ಟು ನೆಮ್ಮದಿ ನೋಡಿ, ಕರೆಂಟೂ ಇಲ್ಲ, ರಸ್ತೆನೂ ಇಲ್ಲ" ಅನ್ನೋ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸಂಪ್ರದಾಯ ಬೇರೆ, ಸಿಗದೇ ಇರೋದು ಬೇರೆ. ಜೇನು ಕೀಳುವಾಗ ಒಂದು ಪಾಲು ಗೂಡಲ್ಲೇ ಬಿಟ್ಟು ಬರೋದು ಸಂಪ್ರದಾಯ. ಹೆರಿಗೆ ನೋವು ಬಂದ ಹೆಂಗಸನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಹಳ್ಳ ದಾಟಿಸೋದು ಸಂಪ್ರದಾಯ ಆಗುವುದಿಲ್ಲ. ಅಲ್ಲಿ ರಸ್ತೆ ಬಂದಿಲ್ಲ, ಅಷ್ಟೇ.

ರಸ್ತೆ ಯಾಕೆ ಬಂದಿಲ್ಲ ಅನ್ನೋದಕ್ಕೂ ಕಥೆ ಇದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಬಂದಿದ್ದು 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ. ಸುಮಾರು 600 ಚದರ ಕಿಲೋಮೀಟರ್, ಮೂರು ಜಿಲ್ಲೆಗಳಲ್ಲಿ ಹರಡಿದೆ. ಗೆರೆಯ ಒಳಗೆ ಉಳಿದ ಮನೆಗಳಿಗೆ ಒಂದು ಕಂಬ ನೆಡಬೇಕಾದರೂ, ಒಂದು ಮೋರಿ ಕಟ್ಟಬೇಕಾದರೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಇದಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ದಾರಿ ಇದೆ. ಶಾಲೆ, ರಸ್ತೆ, ಕುಡಿಯುವ ನೀರು, ವಿದ್ಯುತ್ ಮಾರ್ಗ ಸೇರಿ 13 ಬಗೆಯ ಸೌಲಭ್ಯಕ್ಕೆ ಕಾಡಿನ ಜಾಗ ಕೊಡಬಹುದು. ಪ್ರತಿಯೊಂದಕ್ಕೂ 1 ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಕತ್ತಲಲ್ಲೇ ಉಳಿದ ಮನೆಗಳಿವೆ. ಆ ಕತ್ತಲನ್ನು ಪ್ರವಾಸಿ ಹೊಗಳಿದರೆ ಕೇಳೋ ಮನೆಯವರಿಗೆ ಹೇಗಾಗಬೇಕು?

ಭಯದ ವಿಷಯವನ್ನೂ ಹೇಳಬೇಕು. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪೊಲೀಸರಿಗೂ ನಕ್ಸಲರಿಗೂ ಎನ್‌ಕೌಂಟರ್ ಆಯಿತು. 2005ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಮೆಣಸಿನಹಾಡ್ಯದ ಹತ್ತಿರ ಬಲಿಗೆಯಲ್ಲಿ ಇನ್ನೊಂದು ಎನ್‌ಕೌಂಟರ್‌ನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತರು. ಆ ವರ್ಷಗಳಲ್ಲಿ ಈ ಘಟ್ಟದ ಒಂಟಿ ಮನೆಗಳಿಗೆ ಅಪರಿಚಿತರು ಬಂದರೆಂದರೆ ಒಂದೋ ಕಾಡಿನಲ್ಲಿದ್ದ ನಕ್ಸಲರು, ಇಲ್ಲ ಪೊಲೀಸರು. ಒಬ್ಬರು ಊಟ ಕೇಳೋರು. ಇನ್ನೊಬ್ಬರು, ಊಟ ಹಾಕಿದ್ದು ಯಾಕೆ ಅಂತ ಕೇಳೋರು. ಮನೆಯಲ್ಲಿ ಎಷ್ಟು ಜನ, ಯಾರು ಬಂದಿದ್ದರು, ಅಕ್ಕಿ ಎಷ್ಟು ತಂದ್ರಿ, ಇಷ್ಟು ಅಕ್ಕಿ ಯಾರಿಗೆ? 2025ರ ಜನವರಿಯಲ್ಲಿ 6 ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದ ಮೇಲೆ ಆ ಅಧ್ಯಾಯ ಹೆಚ್ಚುಕಡಿಮೆ ಮುಗಿಯಿತು. ಆದರೆ ಮನಸ್ಸಿನಲ್ಲಿ ಅಷ್ಟು ಬೇಗ ಮುಗಿಯುತ್ತದಾ? ಕ್ಯಾಮೆರಾ ಹಿಡಿದ ಪ್ರವಾಸಿ ಪ್ರೀತಿಯಿಂದಲೇ ಕೇಳುತ್ತಾನೆ: "ಮನೇಲಿ ಎಷ್ಟು ಜನ? ಏನು ತಿಂತೀರಿ? ಕಾಡಲ್ಲಿ ಎಲ್ಲಿವರೆಗೆ ಹೋಗ್ತೀರಿ?" ಅದೇ ಪ್ರಶ್ನೆಗಳು. ಅಂಗಳದಲ್ಲಿ ನಿಂತ ಹಿರಿಯರು ತಲೆ ತಗ್ಗಿಸಿ "ಗೊತ್ತಿಲ್ಲ" ಅಂದರೆ ಅದನ್ನು ನಾಚಿಕೆ ಅಂತಲೋ ಮುಗ್ಧತೆ ಅಂತಲೋ ತಿಳಿಯಬೇಡಿ.

ಈಗ ದುಡ್ಡಿನ ಮಾತಿಗೆ ಬರೋಣ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇರೋದು. ಕೆಲವು ಹೋಮ್‌ಸ್ಟೇಗಳ ಜಾಹೀರಾತಿನಲ್ಲಿ ಜಲಪಾತ, ಕಾಫಿ ತೋಟ, ಬೆಂಕಿ ಹಾಕಿ ಕೂರೋದು, ಅದರ ಜೊತೆಗೆ ಗಿರಿಜನರ ಊರಿನ ಭೇಟಿ ಅಂತಲೂ ಬರೆದಿರೋದನ್ನು ನಾನು ನೋಡಿದ್ದೇನೆ. ಜೀಪಿನ ಬಾಡಿಗೆ ಜೀಪಿನವರಿಗೆ ಹೋಗುತ್ತದೆ, ಕೋಣೆಯ ಬಾಡಿಗೆ ತೋಟದವರಿಗೆ. ಯಾರ ಮನೆ ತೋರಿಸಿ ಇಷ್ಟೆಲ್ಲ ದುಡ್ಡು ಓಡಾಡಿತೋ ಅವರ ಕೈಗೆ ಬಿಸ್ಕೆಟ್ ಪೊಟ್ಟಣ.

ಹಾಗಾದರೆ ಅವರೇ ಹೋಮ್‌ಸ್ಟೇ ಮಾಡಬಹುದಲ್ಲ ಅಂತ ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹೋಮ್‌ಸ್ಟೇ ನೋಂದಣಿಗೆ ಜಾಗದ ದಾಖಲೆ ಬೇಕು, ಪಂಚಾಯಿತಿ ಪರವಾನಗಿ ಬೇಕು, ಪೊಲೀಸರ ಎನ್‌ಒಸಿ ಬೇಕು. ಮೊದಲನೆಯದಕ್ಕೇ ಕಾಲು ಸಿಕ್ಕಿಕೊಳ್ಳುತ್ತದೆ. ಅಜ್ಜನ ಕಾಲದಿಂದ ಇದ್ದ ಮನೆಗೂ ಹಕ್ಕುಪತ್ರ ಇಲ್ಲದವರು ಇಲ್ಲಿದ್ದಾರೆ. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮುಂಚೆ ಸ್ವಾಧೀನದಲ್ಲಿದ್ದ ಪರಿಶಿಷ್ಟ ಪಂಗಡದ ಕುಟುಂಬ 4 ಹೆಕ್ಟೇರ್‌ವರೆಗೆ ಹಕ್ಕು ಕೇಳಬಹುದು. ಅರ್ಜಿ ಗ್ರಾಮಸಭೆಯಿಂದ ಉಪವಿಭಾಗದ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗಬೇಕು. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಹಕ್ಕುಪತ್ರ ಕೊಡಬೇಕು ಅಂತಿದೆ. ಅದು ಬಹಳ ಒಳ್ಳೆಯ ಮಾತು. ಅದು ಮಕ್ಕಳಿಗೆ ಹೋಗುತ್ತದೆ, ಆದರೆ ಮಾರೋ ಹಾಗಿಲ್ಲ. ಮಾರಲಾಗದ ಜಾಗವನ್ನು ಅಡವಿಟ್ಟು ಬ್ಯಾಂಕಲ್ಲಿ ಸಾಲ ತರೋದೂ ಸುಲಭ ಇಲ್ಲ. ಹೊರಗಿನವರು ಬಂದು ಜಾಗ ಕೊಂಡುಕೊಳ್ಳದ ಹಾಗೆ ಕಾಪಾಡೋ ನಿಯಮ ಅದು, ನಾನು ಅದರ ಪರ. ಆದರೆ ಒಂದು ಕೋಣೆ, ಒಂದು ಶೌಚಾಲಯ ಕಟ್ಟೋಕೆ ಬಂಡವಾಳ ಬೇರೆ ಎಲ್ಲಿಂದ ಬರಬೇಕು ಅನ್ನೋದಕ್ಕೂ ಉತ್ತರ ಬೇಕಲ್ವಾ?

ಹೀಗಾಗಿ ಇಲ್ಲಿ ಯಾರು ಆತಿಥ್ಯ ಮಾಡಬೇಕು, ಯಾರು ನೋಡಿಸಿಕೊಳ್ಳಬೇಕು ಅನ್ನೋದನ್ನು ಪಹಣಿ ತೀರ್ಮಾನ ಮಾಡುತ್ತಿದೆ. ಪಹಣಿ ಇರೋರು ಹೋಮ್‌ಸ್ಟೇ ಮಾಲೀಕರು. ಇಲ್ಲದವರು ಆ ಹೋಮ್‌ಸ್ಟೇಯಲ್ಲಿ ಪಾತ್ರೆ ತೊಳೆಯೋರು, ಇಲ್ಲವೇ ಜೀಪಿನಿಂದ ಇಳಿದವರ ಎದುರು ನಿಲ್ಲೋರು.

ಇದು ಹೀಗೇ ಬೆಳೆದರೆ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಥಾಯ್ಲೆಂಡ್ ಕಡೆ ನೋಡಬಹುದು. ಅಲ್ಲಿನ ಉತ್ತರದ ಬೆಟ್ಟಗಳ ಬುಡಕಟ್ಟು ಊರುಗಳನ್ನು ನೋಡೋಕೆ ಪ್ರಪಂಚದ ಎಲ್ಲ ಕಡೆಯಿಂದ ಜನ ಹೋಗುತ್ತಾರೆ. ಕುತ್ತಿಗೆಗೆ ಹಿತ್ತಾಳೆ ಸುರುಳಿ ಸುತ್ತಿಕೊಳ್ಳೋ ಕಯಾನ್ ಹೆಂಗಸರು ಮ್ಯಾನ್ಮಾರ್‌ನಿಂದ ಜೀವ ಉಳಿಸಿಕೊಳ್ಳೋಕೆ ಓಡಿ ಬಂದವರು. ಮೇ ಹಾಂಗ್ ಸಾನ್ ಪ್ರಾಂತ್ಯದಲ್ಲಿ ಅವರಿಗೆ ಜಾಗ ಸಿಕ್ಕಿತು. ಊರಿನ ಬಾಗಿಲಲ್ಲಿ ಟಿಕೆಟ್ ಬಂತು. ಆಮೇಲೆ ಕೆಲವರಿಗೆ ಬೇರೆ ದೇಶದಲ್ಲಿ ನೆಲೆ ಸಿಗೋ ಅವಕಾಶ ಬಂದಾಗ ದೇಶ ಬಿಡೋಕೆ ಅನುಮತಿಯೇ ಸಿಗಲಿಲ್ಲ. 2008ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಇದನ್ನು ಬಹಿರಂಗವಾಗಿ ಪ್ರಶ್ನಿಸಿತು. ಪ್ರವಾಸೋದ್ಯಮಕ್ಕೆ ಅವರು ಬೇಕು, ಅದಕ್ಕೇ ಬಿಡುತ್ತಿಲ್ಲ ಅನ್ನೋ ಆರೋಪ ಎದ್ದಿತು. ನೋಡಿಸಿಕೊಳ್ಳೋದೇ ಕಸುಬಾದರೆ ಆ ವೇಷ ಬಿಚ್ಚೋ ಸ್ವಾತಂತ್ರ್ಯವೂ ಹೋಗುತ್ತದೆ.

ನಮ್ಮ ದೇಶದ ಅಂಡಮಾನ್‌ನಲ್ಲಿ ಜಾರವಾ ಜನರ ಕಾಡಿನ ನಡುವೆ ಹೋಗೋ ರಸ್ತೆಯ ಕಥೆಯೂ ಇಂಥದ್ದೇ. ಆಹಾರದ ಆಸೆ ತೋರಿಸಿ ಹೆಂಗಸರನ್ನು ಕುಣಿಸಿದ ವಿಡಿಯೋ 2012ರಲ್ಲಿ ಹೊರಬಂದಾಗ ದೇಶವೇ ತಲೆ ತಗ್ಗಿಸಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ರಸ್ತೆಯಲ್ಲಿ ಪ್ರವಾಸಿಗರನ್ನು ತಡೆಯಿತು. ಮಾರ್ಚ್‌ನಲ್ಲಿ ಆ ತಡೆ ತೆರವಾಯಿತು.

ನಮ್ಮ ರಾಜ್ಯದಲ್ಲೂ ಉದಾಹರಣೆ ಇದೆ. ನಾಗರಹೊಳೆಯ ಮೂರ್ಕಲ್‌ನಲ್ಲಿ 1990ರ ದಶಕದಲ್ಲಿ ಒಂದು ದೊಡ್ಡ ಹೋಟೆಲ್ ಕಂಪನಿ ರೆಸಾರ್ಟ್ ಮಾಡೋಕೆ ಹೊರಟಿತು. ಅದೇ ಕಾಡಿನಲ್ಲಿ ಆದಿವಾಸಿಗಳಿಗೆ ಗೆಡ್ಡೆ ಅಗೆಯೋಕೂ ಅಡ್ಡಿ ಇತ್ತು. ಆದಿವಾಸಿಗಳು ಚಳವಳಿ ಮಾಡಿದರು, ಕೋರ್ಟಿಗೆ ಹೋದರು. 1997ರಲ್ಲಿ ಹೈಕೋರ್ಟ್ ಆ ಯೋಜನೆ ಕಾನೂನಿಗೆ ವಿರುದ್ಧ ಅಂತ ಹೇಳಿತು. ಬೇಡ ಅನ್ನೋದನ್ನು ಗಟ್ಟಿಯಾಗಿ ಹೇಳಿದರೆ ಕೇಳಿಸುತ್ತದೆ ಅನ್ನೋದಕ್ಕೆ ನಾನು ಈ ಘಟನೆಯನ್ನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತೇನೆ.

ಬೇಕು ಅನ್ನೋದಕ್ಕೂ ಒಳ್ಳೆಯ ದಾರಿಗಳಿವೆ. ವಯನಾಡಿನ ವೈತ್ತಿರಿ ಹತ್ತಿರ "ಎನ್ ಊರು" ಅನ್ನೋ ಜಾಗ 2022ರಲ್ಲಿ ತೆರೆಯಿತು. ಎನ್ ಊರು ಅಂದರೆ ನನ್ನ ಊರು. ಅಲ್ಲಿ ಹುಲ್ಲಿನ ಮನೆಗಳಿವೆ, ಅಂಗಡಿ ಇದೆ, ಊಟ ಇದೆ, ನಡೆಸೋದರಲ್ಲಿ ಬುಡಕಟ್ಟು ಜನರೇ ಇದ್ದಾರೆ. ಪ್ರವಾಸಿ ಟಿಕೆಟ್ ಕೊಟ್ಟು ಬರುತ್ತಾನೆ, ತಿಂದು, ಕೊಂಡು ಹೋಗುತ್ತಾನೆ. ಯಾರ ಅಡುಗೆಮನೆಗೂ ಇಣುಕುವುದಿಲ್ಲ. ಇಂಥ ಜಾಗ ಬೊಂಬೆಯ ಊರಿನ ಹಾಗೆ ಅನ್ನೋರೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಜಗಲಿಯವರೆಗೆ ಎಲ್ಲರೂ ಬರಲಿ, ಒಳಗೆ ಬರೋದು ನಮ್ಮವರು ಮಾತ್ರ ಅನ್ನೋ ಕ್ರಮ ಮಲೆನಾಡಿನ ಮನೆಗಳಲ್ಲೂ ಇಲ್ವಾ? ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದರು. ಅಲ್ಲಿ ಜೇನು, ಕಾಫಿ ಅವರ ಹೆಸರಲ್ಲೇ ಮಾರುಕಟ್ಟೆಗೆ ಬರುತ್ತಿದೆ. ಮೊದಲು ಹಕ್ಕು, ಆಮೇಲೆ ವ್ಯಾಪಾರ.

ನಮ್ಮ ಜಿಲ್ಲೆಯಲ್ಲಿ ಪ್ರವಾಸಿಗರ ಲೆಕ್ಕ ಇಡೋ ಕೆಲಸ ಶುರುವಾಗಿದೆ. ಕುದುರೆಮುಖ ಶಿಖರದ ಚಾರಣಕ್ಕೆ ದಿನಕ್ಕೆ 300 ಜನ ಅನ್ನೋ ಮಿತಿ ಬಂದಿದೆ, ಆನ್‌ಲೈನ್‌ನಲ್ಲೇ ಬುಕ್ ಮಾಡಬೇಕು. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಕಡೆಗೆ ಬೆಳಗ್ಗೆ 600, ಮಧ್ಯಾಹ್ನ 600 ವಾಹನ ಮಾತ್ರ. ಒಳ್ಳೆಯ ಕೆಲಸ. 2022ರಲ್ಲಿ ಚಂದ್ರದ್ರೋಣ ಬೆಟ್ಟಗಳಲ್ಲಿ ಕುರಿಂಜಿ ಅರಳಿದಾಗ ಬಂದ ಜಾತ್ರೆಯನ್ನು ಕಂಡವರಿಗೆ ಇದು ಯಾಕೆ ಬೇಕಿತ್ತು ಅಂತ ಗೊತ್ತು. ಆದರೆ ಈ ಮಿತಿ ಬೆಟ್ಟಕ್ಕೆ, ರಸ್ತೆಗೆ. ಜನ ವಾಸ ಇರೋ ಕಾಲೋನಿಗೆ ಎಷ್ಟು ಜನ ಬರಬಹುದು, ಯಾವಾಗ ಬರಬಹುದು ಅಂತ ಕೇಳಿದವರಿಲ್ಲ.

ಅದನ್ನು ಅಲ್ಲಿನವರೇ ತೀರ್ಮಾನ ಮಾಡಬಹುದು. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ, ಅಂದರೆ ಬುಡಕಟ್ಟು ಜನರಿಗಾಗಿ ವಿಶೇಷವಾಗಿ ಗುರುತಿಸಿದ ಪ್ರದೇಶಗಳಿಲ್ಲ. ಹಾಗಾಗಿ ಒಡಿಶಾ, ಜಾರ್ಖಂಡ್‌ನ ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗಳಿಗೆ ಪೆಸಾ (ಅಂಥ ಪ್ರದೇಶಗಳ ಪಂಚಾಯಿತಿ) ಕಾಯ್ದೆಯಿಂದ ಬಂದ ಬಲ ಇಲ್ಲಿ ಸಿಗುವುದಿಲ್ಲ. ಆದರೆ ಅರಣ್ಯ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಇಲ್ಲೂ ನಡೆಯುತ್ತದೆ. ಹಕ್ಕುದಾರರಿಗೂ ಅವರ ಗ್ರಾಮಸಭೆಗೂ ತಮ್ಮ ನೆಲೆಯನ್ನು, ತಮ್ಮ ಸಂಸ್ಕೃತಿಯನ್ನು ಹಾಳು ಮಾಡೋ ಚಟುವಟಿಕೆಯಿಂದ ಕಾಪಾಡಿಕೊಳ್ಳೋ ಅಧಿಕಾರ ಅದರಲ್ಲಿದೆ. ಕೊಯ್ಲಿನ ಕಾಲದಲ್ಲಿ ಬರಬೇಡಿ, ದೈವದ ಕೆಲಸ ಇರೋ ದಿನ ಬರಬೇಡಿ, ಬಂದರೆ ನಮ್ಮ ಊರಿನ ಹುಡುಗರನ್ನೇ ಜೊತೆಗೆ ಕರೆದುಕೊಳ್ಳಿ, ಇಷ್ಟು ದುಡ್ಡು ಕೊಡಿ. ಹೀಗೆ ಒಂದು ಠರಾವು ಮಾಡೋದಕ್ಕೆ ಅಲ್ಲಿ ಜಾಗ ಇದೆ ಅಂತ ನನ್ನ ಅಭಿಪ್ರಾಯ. ಚಿಕ್ಕಮಗಳೂರಿನಲ್ಲೇ ಗಿರಿಜನ ಅಭಿವೃದ್ಧಿ ಕಚೇರಿ ಇದೆ, ಪ್ರವಾಸೋದ್ಯಮ ಇಲಾಖೆಯೂ ಇದೆ. ಎರಡೂ ಕಡೆಯವರು ಒಂದು ದಿನ ಒಂದು ಕಾಲೋನಿಯಲ್ಲಿ ಕೂತು ಮಾತಾಡಿದರೆ ಸಾಕು, ಅರ್ಧ ಕೆಲಸ ಆಗುತ್ತದೆ.

ಅಲ್ಲಿವರೆಗೆ ಹೋಗಲೇಬೇಕು ಅನ್ನಿಸಿದವರಿಗೆ ನಾನು ಹೇಳೋದು ಸುಲಭದ ಮಾತು. ಆ ಊರಿನ ಒಬ್ಬರ ಪರಿಚಯ ಇಲ್ಲದೆ ಹೋಗಬೇಡಿ. ಪರಿಚಯ ಮಾಡಿಕೊಳ್ಳೋದಕ್ಕೆ ದಾರಿ ಇದೆ. ಚಾರಣಕ್ಕೆ ಸ್ಥಳೀಯ ಹುಡುಗನನ್ನು ಜೊತೆಗೆ ಕರೆದುಕೊಳ್ಳಿ, ಕೂಲಿಯನ್ನು ಅವನ ಕೈಗೇ ಕೊಡಿ. ಜೇನು, ಸೀಗೆಕಾಯಿ, ವಾಟೆಹುಳಿ, ಬುಟ್ಟಿ ಕೊಳ್ಳೋದಿದ್ದರೆ ಅವರಿಂದಲೇ ಅಥವಾ ಅವರ ಲ್ಯಾಂಪ್ಸ್ ಸಹಕಾರ ಸಂಘದಿಂದ ಕೊಳ್ಳಿ, ಚೌಕಾಸಿ ಮಾಡಬೇಡಿ. ಒಂದು ಹೆಡಿಗೆ ಹೆಣೆಯೋಕೆ ಬಿದಿರು ತರೋದರಿಂದ ಹಿಡಿದು ಎಷ್ಟು ಹೊತ್ತು ಬೇಕು ಅಂತ ಕೇಳಿದರೆ ಚೌಕಾಸಿ ಮಾಡೋ ಮನಸ್ಸೇ ಬರುವುದಿಲ್ಲ. ಮಕ್ಕಳ ಫೋಟೋವನ್ನು ಅಪ್ಪ ಅಮ್ಮ ಎದುರಿಗೆ ಇದ್ದು ಒಪ್ಪಿದರೆ ಮಾತ್ರ ತೆಗೆಯಿರಿ. ಚಾಕೊಲೇಟ್ ಹಂಚಬೇಡಿ. ಯಾವ ಬೇರು ಯಾವ ಕಾಯಿಲೆಗೆ ಅಂತ ಕೆದಕಿ ಕೇಳಿ ವಿಡಿಯೋ ಮಾಡಬೇಡಿ. ಆ ತಿಳಿವಳಿಕೆಯ ಮೇಲೆ ಸಮುದಾಯಕ್ಕೆ ಹಕ್ಕಿದೆ ಅಂತ ಅದೇ ಕಾಯ್ದೆ ಹೇಳುತ್ತದೆ. ಮತ್ತೆ, ಅವರೂ ನಿಮ್ಮನ್ನು ಪ್ರಶ್ನೆ ಕೇಳಲಿ. ಸಂಬಳ ಎಷ್ಟು, ಮನೆ ಬಾಡಿಗೆದಾ, ಅಮ್ಮ ಎಲ್ಲಿದ್ದಾರೆ ಅಂತ ಕೇಳಿದರೆ ಬೇಸರ ಮಾಡಿಕೊಳ್ಳದೆ ಉತ್ತರ ಕೊಡಿ.

ಗೆಳೆಯನಿಗೆ ಫೋನಲ್ಲಿ ಇಷ್ಟೆಲ್ಲ ಹೇಳಿರಲಿಲ್ಲ. "ಬಾ, ಮೊದಲು ಗುಡ್ಡ ಹತ್ತೋಣ" ಅಂದಿದ್ದೆ. ಜನವರಿ ಕೊನೆಗೆ ಮಕ್ಕಳ ಜೊತೆ ಬಂದ. ಸಣ್ಣವರ ಕೈಲಿ ಆಗುವಷ್ಟು ಒಂದು ಗುಡ್ಡಕ್ಕೆ ಹೊರಟೆವು. ದಾರಿ ತೋರಿಸೋಕೆ ಬಂದಿದ್ದ ಹುಡುಗ ಮಲೆಕುಡಿಯರವನು, ಪದವಿ ಓದುತ್ತಿದ್ದ. ದಾರಿಯುದ್ದಕ್ಕೂ ಮಕ್ಕಳಿಗೆ ಹಕ್ಕಿಗಳ ಹೆಸರು ಹೇಳಿದ, ಕಾಡುಕೋಣದ ಹೆಜ್ಜೆ ತೋರಿಸಿದ, ಗೆಳೆಯನ ಮಗಳಿಂದ ಫೋನಿನ ಯಾವುದೋ ಆಟ ಕಲಿತ. ಇಳಿಯುವಾಗ ಒಂದು ತಿರುವಿನಲ್ಲಿ ನಿಂತು ಕೆಳಗೆ ಮರಗಳ ನಡುವೆ ಕಾಣೋ ಹೆಂಚಿನ ಮಾಡನ್ನು ತೋರಿಸಿ "ಅದೇ ನಮ್ಮನೆ" ಅಂದ.

ಗೆಳೆಯ ನನ್ನ ಮುಖ ನೋಡಿದ. ಆಮೇಲೆ ಅವನನ್ನೇ ಕೇಳಿದ. "ಹೋಗಿ ಬರಬಹುದಾ?"

"ಇವತ್ತು ಬೇಡ ಸಾರ್. ಅಮ್ಮ ಕೊಯ್ಲಿಗೆ ಹೋಗಿದಾರೆ, ಮನೇಲಿ ಯಾರೂ ಇಲ್ಲ. ಇನ್ನೊಂದ್ಸಲ ಬರೋವಾಗ ಮೊದಲೇ ಫೋನ್ ಮಾಡಿ."

ನಂಬರ್ ಬರೆದುಕೊಂಡು ನಾವು ಕೆಳಗಿಳಿದೆವು.